ಬೀಗ ಬಿಡದ ಕೀಲಿ

"ಈ ಸಾಲು ನಾನು ಬರೆದಿದ್ದಲ್ಲ," ಎಂದೆ.

ದಾಖಲೆ ಕೋಣೆ ನೋಡಿಕೊಳ್ಳುವ ಹೆಂಗಸು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಮೊದಲು ಹಾಳೆಯನ್ನು, ಆಮೇಲೆ ನನ್ನ ಮುಖವನ್ನು ನೋಡಿದರು. ಕಚೇರಿಗೆಲ್ಲ ಅವರು ದಾಖಲೆಯಮ್ಮ. ಇಪ್ಪತ್ತಾರು ವರ್ಷಗಳಲ್ಲಿ ಒಂದು ಕಾಗದವನ್ನೂ ಕಳೆದಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿರುತ್ತಾರೆ.

"ಕೆಳಗೆ ನಿಮ್ಮದೇ ಸಹಿ ಇದೆಯಲ್ಲಮ್ಮ."

"ಸಹಿ ನಂದೇ. ಸಾಲು ನಂದಲ್ಲ."

ನಮ್ಮ ಕಂಪನಿಯ ಹಿರಿಯ ಲಿಫ್ಟ್ ಮೆಕ್ಯಾನಿಕ್ ಒಬ್ಬರು ಲಿಫ್ಟಿನ ತಳದ ಗುಂಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಮೇಲಿನಿಂದ ಲಿಫ್ಟ್ ಇಳಿದು ತೀರಿಕೊಂಡು ಇವತ್ತಿಗೆ ಹನ್ನೊಂದು ದಿನ. ಸಾಯುವ ಎಂಟು ದಿನ ಮೊದಲು ಅವರು ಕಂಪನಿಯ ವಕೀಲೆಯಾದ ನನ್ನೆದುರು ಕೂತು ಆಡಿದ ಮಾತುಗಳ ಟಿಪ್ಪಣಿ ಈಗ ನನ್ನ ಕೈಯಲ್ಲಿತ್ತು.

ಟಿಪ್ಪಣಿಯ ಮೊದಲ ಸಾಲು ಹೀಗಿತ್ತು: "ತಾವು ಕಂಪನಿಯ ವಕೀಲರೇ ಹೊರತು ಹೇಳಿಕೆ ಕೊಡುವವರ ವಕೀಲರಲ್ಲವೆಂದು ಆರಂಭದಲ್ಲಿಯೇ ತಿಳಿಯಪಡಿಸಲಾಯಿತು."

ಕಂಪನಿಯೊಳಗಿನ ವಕೀಲರಿಗೆ ಇದು ಹಲ್ಲುಜ್ಜಿದಷ್ಟು ಅಭ್ಯಾಸದ ಮಾತು. ಕೆಲಸಗಾರ ಎದುರು ಕೂತು ಬಾಯಿ ತೆರೆಯುವ ಮೊದಲೇ ಹೇಳಿಬಿಡಬೇಕು. ಆಮೇಲೆ ಅವನು ಏನು ಹೇಳಿದರೂ ಅದು ಕಂಪನಿಯ ಸೊತ್ತು. ಕಂಪನಿ ಬೇಕಾದರೆ ಮುಚ್ಚಿಡಬಹುದು, ಬೇಕಾದರೆ ಅವನ ಮೇಲೆಯೇ ತಿರುಗಿಸಬಹುದು. ಹತ್ತೊಂಬತ್ತು ವರ್ಷಗಳಲ್ಲಿ ನೂರಾರು ಜನರಿಗೆ ಹೇಳಿದ್ದೇನೆ. ಆ ದಿನ ಮಾತ್ರ ಹೇಳಿರಲಿಲ್ಲ.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೊದಲ ಸಾಲು ಉಳಿದವುಗಳಿಗಿಂತ ಒಂದು ಕೂದಲೆಳೆ ವಾರೆಯಾಗಿತ್ತು. ಶೀರ್ಷಿಕೆಗೆಂದು ನಾನು ಬಿಟ್ಟಿದ್ದ ಖಾಲಿ ಜಾಗಕ್ಕೆ ಸರಿಯಾಗಿ ಹಾಳೆಯನ್ನು ಮತ್ತೊಮ್ಮೆ ಪ್ರಿಂಟರಿಗೆ ತೂರಿಸಿದ್ದರು. ಎಡಮೂಲೆಯಲ್ಲಿ ಸ್ಟೇಪಲ್ ಪಿನ್ನಿನ ಎರಡು ಜೊತೆ ತೂತುಗಳಿದ್ದವು. ನಾನು ಎರಡು ಹಾಳೆಗಳಿಗೂ ಸಹಿ ಹಾಕಿ ಪಿನ್ನು ಹೊಡೆದದ್ದು ಒಂದೇ ಸಲ. ಈಗ ಇದ್ದದ್ದು ಒಂದು ಹಾಳೆ.

"ಇದರ ಎರಡನೇ ಹಾಳೆ?"

"ನಿಮ್ಮ ವಿಭಾಗಕ್ಕೆ ಹೋಗಿ ವಾಪಸ್ ಬಂದಾಗ್ಲೇ ಒಂದೇ ಇತ್ತು. ರಿಜಿಸ್ಟರಲ್ಲಿ ಹಾಗೇ ಬರ್ಕೊಂಡಿದೀನಿ, ನೋಡಿ. ನನ್ನ ತಲೆಗೆ ಕಟ್ಬೇಡಿ ತಾಯಿ."

"ಕಟ್ಟಲ್ಲ. ನಿಮ್ಮ ತಲೆ ಮೇಲೆ ಆಗ್ಲೇ ಕನ್ನಡಕದ ಭಾರ ಇದೆ."

ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ. ಬೇರೆ ಯಾರೇ ಆಗಿದ್ದರೂ ತಮಗೆ ಬೇಡವಾದ ಹಾಳೆ ಕಿತ್ತುಕೊಂಡು ಸುಮ್ಮನಾಗುತ್ತಿದ್ದರು. ಕದ್ದ ಕೈಯೇ ಕೂತು ಟಿಪ್ಪಣಿಯ ಕೊರತೆಯನ್ನೂ ತುಂಬಿಕೊಡಬೇಕಾದರೆ ಅದು ವಕೀಲರ ಕೈಯೇ ಆಗಿರಬೇಕು. ನಮ್ಮ ವಿಭಾಗದಲ್ಲಿ ನಾಲ್ವರು ವಕೀಲರಿದ್ದೇವೆ. "ತಿಳಿಸಲಾಯಿತು" ಎನ್ನುವ ಕಡೆ "ತಿಳಿಯಪಡಿಸಲಾಯಿತು" ಎಂದು ಬರೆಯುವವರು ಒಬ್ಬರೇ, ನಮ್ಮ ಮುಖ್ಯಸ್ಥರು. ಅವರ ಕೈಕೆಳಗೆ ನಾನು ಅಕ್ಷರ ತಿದ್ದಿದ್ದೆ.

ಮೆಕ್ಯಾನಿಕ್ ಬಂದದ್ದು ಒಂದು ಬೆಳಗ್ಗೆ. ಬಟ್ಟೆಯ ಗ್ರೀಸು ಅಂಟೀತೆಂದು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೂವತ್ತೆರಡು ವರ್ಷ ಸರ್ವೀಸಾದ ಅವರನ್ನು ಜೊತೆಯವರು ಬೀಗದ ಮಾಮ ಎಂದು ಕರೆಯುತ್ತಿದ್ದರು. ಗುಂಡಿಗೆ ಇಳಿಯುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ, ಅದಕ್ಕೆ ತನ್ನದೇ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸಿಕೊಳ್ಳಬೇಕೆಂಬುದು ನಿಯಮ. ಹೊಸಬರು ಅದನ್ನು ಮರೆತರೆ ಕಿವಿ ಹಿಂಡುತ್ತಿದ್ದ ಮನುಷ್ಯ ಅವರು.

"ಅಮ್ಮಾ, ನೀವು ನಮ್ಮ ವಕೀಲ್ರು ತಾನೇ?" ಎಂದು ಕೇಳಿದ್ದರು.

"ಹೂಂ, ಹೇಳಿ," ಎಂದುಬಿಟ್ಟೆ. ಎದುರಿಗೆ ಕೂತ ಮನುಷ್ಯ ಅಷ್ಟು ನಂಬಿಕೆಯಿಂದ ಕೇಳಿದ್ದರು, ಎಚ್ಚರಿಕೆಯ ಮಾತು ನನ್ನ ನಾಲಿಗೆಯ ಮೇಲೆ ಬರಲೇ ಇಲ್ಲ.

ಒಂದೇ ತಿಂಗಳಲ್ಲಿ ಎರಡು ಸಲ, ತಾವು ಗುಂಡಿಯಲ್ಲಿ ಇರುವಾಗಲೇ ಮೇಲೆ ಸ್ವಿಚ್ಚಿನ ಬೀಗ ಕತ್ತರಿಸಿದ್ದರು ಎಂದು ಹೇಳಿದರು. ಕರೆ ಬಂದ ನಲವತ್ತು ನಿಮಿಷದೊಳಗೆ ಲಿಫ್ಟ್ ಓಡಬೇಕು, ಇಲ್ಲದಿದ್ದರೆ ಸೂಪರ್ವೈಸರನ ಹೆಸರಿನ ಮುಂದೆ ಕಪ್ಪು ಚುಕ್ಕೆ. ಆ ಅವಸರಕ್ಕೆ ಕತ್ತರಿಸುತ್ತಿದ್ದಾರೆ, ಎರಡು ಸಲವೂ ಪುಣ್ಯಕ್ಕೆ ಪಕ್ಕಕ್ಕೆ ಸರಿದು ಉಳಿದುಕೊಂಡೆ ಎಂದರು. ಯಾರು ಕತ್ತರಿಸಿದ್ದು ಎಂದು ಕೇಳಿದೆ. ತಲೆ ತಗ್ಗಿಸಿ, "ನಮ್ಮೋರೇ ಅಮ್ಮ. ಹೆಸರು ಕೇಳ್ಬೇಡಿ. ಬೀಗ ಮುಟ್ಟಬಾರ್ದು ಅಂತ ಎಲ್ರಿಗೂ ಒಂದು ಸುತ್ತೋಲೆ ಕಳ್ಸಿ, ಸಾಕು," ಎಂದರು.

ಅದೇ ದಿನ ಸುತ್ತೋಲೆಯ ಕರಡು ಬರೆದೆ. "ಅನ್ಯರ ಬೀಗವನ್ನು ಕತ್ತರಿಸಕೂಡದು" ಎಂದು ಬರೆದಿದ್ದೆ. ನಮ್ಮ ಮುಖ್ಯಸ್ಥರು ಅಂಚಿನಲ್ಲಿ ಪೆನ್ಸಿಲಿನಿಂದ, "ಕೂಡದು ತೀರಾ ಕಠಿಣ. ಸೂಕ್ತವಲ್ಲ ಎಂದಾಗಲಿ," ಎಂದು ಬರೆದು ವಾಪಸು ಕಳಿಸಿದರು. ನಾನು ಕೂಡದು ಎಂದೇ ಹಟ ಹಿಡಿದೆ. ಕರಡು ಆ ಮೇಜಿಂದ ಈ ಮೇಜಿಗೆ ಐದು ಸಲ ಓಡಾಡಿತು. ಒಂದು ಪದಕ್ಕಾಗಿ ನಾವಿಬ್ಬರು ಓದಿದವರು ಎಂಟು ದಿನ ಜಗಳವಾಡಿದೆವು, ಒಂಬತ್ತನೆಯ ದಿನ ಮೆಕ್ಯಾನಿಕ್ ಹೋದ ಸುದ್ದಿ ಬಂತು. ಈಗಲೂ ಕೂಡದು ಎಂಬ ಪದ ಎಲ್ಲಾದರೂ ಕಣ್ಣಿಗೆ ಬಿದ್ದರೆ ನನಗೆ ಅಳು ಬರುತ್ತದೆ.

ಕೆಳಗಿನ ಮಹಡಿಯ ಸಂದರ್ಶಕರ ಕೋಣೆಯಲ್ಲಿ ಮೆಕ್ಯಾನಿಕರ ಮಗಳು ಇವತ್ತು ಮಧ್ಯಾಹ್ನ ಎರಡರಿಂದ ಕಾಯುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಕ್ಕಿಕಾಳಿಗಿಂತ ಸಣ್ಣ ತಿರುಪುಗಳನ್ನು ಕೂರಿಸಿ ಕೂರಿಸಿ ದೃಷ್ಟಿ ಸೂಜಿಯಂತೆ ಚುರುಕಾಗಿತ್ತು. ಕಿಟಕಿಯ ಹತ್ತಿರ ಅವಳ ಗಂಡ ನಿಂತಿದ್ದ. ಅವನೂ ನಮ್ಮ ಕಂಪನಿಯವನೇ, ದುರಸ್ತಿ ವಿಭಾಗದ ಸೂಪರ್ವೈಸರ್. ಕೈ ಹಿಡಿದು ಕೆಲಸ ಕಲಿಸಿ, ಆಮೇಲೆ ಮಗಳನ್ನೂ ಕೊಟ್ಟದ್ದು ಮಾವನೇ.

ಅವಳು ಮೇಜಿನ ಮೇಲೆ ಕಂಪನಿಯ ಪತ್ರವನ್ನು ಬಿಡಿಸಿಟ್ಟಳು. "ಮೃತರು ಸ್ವಿಚ್ಚಿಗೆ ಬೀಗ ಹಾಕದೆ ಗುಂಡಿಗೆ ಇಳಿದಿದ್ದರೆಂದು ಕಂಡುಬಂದಿದೆ." ಇದೇ ಮಾತು ಸಂಜೆ ಐದಕ್ಕೆ ಸರಕಾರದ ಸುರಕ್ಷತಾ ಇನ್ಸ್‌ಪೆಕ್ಟರಿಗೆ ವರದಿಯಾಗಿ ಹೋಗುವುದಿತ್ತು.

"ಅಪ್ಪ ಬೀಗ ಹಾಕಿದ್ರು ಮೇಡಂ."

"ಸ್ವಿಚ್ಚಿನ ಹತ್ರ ಬೀಗ ಸಿಕ್ಕಿಲ್ಲಮ್ಮ. ಮರೆತಿರ್ಬಹುದು ಅಂತಾರೆ."

"ಹಾಗಾದ್ರೆ ಇದು ಹೇಗೆ ಬಂತು ಹೇಳಿ."

ಕೈಚೀಲದಿಂದ ಒಂದು ಸಣ್ಣ ಕೀಲಿ ತೆಗೆದಳು. ಆಸ್ಪತ್ರೆಯವರು ಕೈಗಡಿಯಾರ, ಬಾಚಣಿಗೆಗಳ ಜೊತೆ ಕೊಟ್ಟದ್ದಂತೆ, ಅಪ್ಪನ ಜೇಬಿನಲ್ಲಿತ್ತಂತೆ. ಆಮೇಲೆ ಒಂದು ಬೀಗ ತೆಗೆದಳು, ಕೆಂಪು ಬಣ್ಣದ್ದು, ಕಂಪನಿಯವರು ಮೆಕ್ಯಾನಿಕರಿಗೆ ಕೊಡುವ ಬಗೆಯದು. ಮನೆಯಲ್ಲಿದ್ದ ಹಳೆಯದು. ಅದರ ಕೀಲಿ ಅದರಲ್ಲೇ ಇತ್ತು.

"ತೆರೆದಿದೆ ನೋಡಿ. ಈಗ ಕೀಲಿ ಎಳೀರಿ."

ಎಳೆದೆ. ಬರಲಿಲ್ಲ. ತಿರುಗಿಸಿ ಎಳೆದೆ, ಗೋಡೆಗೆ ಹೊಡೆದ ಮೊಳೆಯಂತೆ ಕೂತಿತ್ತು.

"ಈಗ ಬೀಗ ಒತ್ತಿ."

ಕಟಕ್ ಎಂದಿತು. ಕೀಲಿ ತಾನಾಗಿ ಕೈಗೆ ಬಂತು.

"ತೆರೆದ ಬೀಗ ಕೀಲಿ ಬಿಡಲ್ಲ ಮೇಡಂ. ಮುಚ್ಚಿದ್ರೆ ಮಾತ್ರ ಬಿಡತ್ತೆ. ಚಿಕ್ಕೋಳಿದ್ದಾಗ ಅಪ್ಪ ನನಗೆ ಆಟಕ್ಕೆ ಅಂತ ಕೊಡ್ತಿದ್ರು ಇದನ್ನ. ಅಪ್ಪನ ಜೇಬಲ್ಲಿ ಬರೀ ಕೀಲಿ ಇತ್ತು ಅಂದ್ರೆ ಬೀಗ ಎಲ್ಲೋ ಮುಚ್ಕೊಂಡಿತ್ತು ಅಂತ ತಾನೇ?"

ನಮ್ಮ ತನಿಖಾ ತಂಡದ ಆರು ಜನ ಎಂಜಿನಿಯರುಗಳ ತಲೆಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಹೊಳೆದಿದ್ದರೂ ಅವರು ಬರೆದಿರಲಾರರು, ಅದು ಬೇರೆ ಮಾತು.

"ನನಗೆ ಬೇರೆ ಏನೂ ಬೇಡ," ಎಂದಳು. "ಬೀಗದ ಮಾಮ ಬೀಗ ಹಾಕೋದು ಮರೆತು ಸತ್ತ ಅಂತ ಜನ ಆಡ್ಕೊಂಡು ನಗ್ತಿದಾರೆ. ಆ ಒಂದು ಮಾತು ತೆಗೆಸಿ ಕೊಡಿ. ಅಪ್ಪ ಹೋಗೋ ಮುಂಚೆ ಮನೇಲಿ ಹೇಳಿದ್ರು, ನಮ್ಮ ವಕೀಲಮ್ಮನ ಹತ್ರ ಎಲ್ಲ ಹೇಳಿದೀನಿ, ಅವರು ನೋಡ್ಕೋತಾರೆ ಅಂತ."

ಗಂಡ ಕಿಟಕಿ ಬಿಟ್ಟು ಕದಲಲಿಲ್ಲ. ಅವನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಮಾವ ಹೋದ ದುಃಖ ಎಂದುಕೊಂಡೆ. ಕೀಲಿಯನ್ನೂ ಬೀಗವನ್ನೂ ಎತ್ತಿಕೊಂಡು ಮೇಲಕ್ಕೆ ಹೋದೆ.

ನಮ್ಮ ಮುಖ್ಯಸ್ಥರನ್ನು ವಿಭಾಗದಲ್ಲಿ ಮೇಷ್ಟ್ರು ಎನ್ನುತ್ತೇವೆ. ಒಪ್ಪಂದ ಬರೆಯುವುದನ್ನು, ಬರೆದದ್ದನ್ನು ಹೊಡೆದುಹಾಕುವುದನ್ನು ನನಗೆ ಕಲಿಸಿದವರು ಅವರೇ. ನನ್ನ ತಂದೆ ತೀರಿಕೊಂಡಾಗ ಮೊದಲು ಬಂದು ಪಕ್ಕದಲ್ಲಿ ಕೂತವರೂ ಅವರೇ. ಒಳಗೆ ಹೋದಾಗ ಐದು ಗಂಟೆಯ ವರದಿಯ ಮೇಲೆ ಪೆನ್ಸಿಲು ಆಡಿಸುತ್ತಿದ್ದರು.

"ಮೇಷ್ಟ್ರೇ, ತಿಳಿಯಪಡಿಸಲಾಯಿತು ಅಂತ ನಾನು ಯಾವತ್ತೂ ಬರೆಯಲ್ಲ."

ಅವರು ತಲೆ ಎತ್ತಿದರು. ಸಿಕ್ಕಿಬಿದ್ದ ಗಾಬರಿ ಮುಖದಲ್ಲಿರಲಿಲ್ಲ, ಬರೀ ಆಯಾಸವಿತ್ತು.

"ಬರಿ ಅಂತ ಹತ್ತೊಂಬತ್ತು ವರ್ಷದಿಂದ ಬಡ್ಕೋತಾ ಇದೀನಿ," ಎಂದರು. "ಬಾಗಿಲು ಹಾಕ್ಕೊಂಡು ಕೂತ್ಕೋ."

ಬಾಗಿಲು ಹಾಕಿದೆ. ಕೂರಲಿಲ್ಲ.

"ನಿನಗೋಸ್ಕರ ಸೇರಿಸಿದೆ. ಎಚ್ಚರಿಕೆ ಕೊಡದೆ ಆ ಮನುಷ್ಯನಿಂದ ಹೇಳಿಕೆ ತಗೊಂಡೆ ಅಂತ ಹೊರಗೆ ಬಿದ್ರೆ ನಿನ್ನ ವಕೀಲಿ ಸನ್ನದು ಉಳಿಯತ್ತಾ?"

"ಎರಡನೇ ಹಾಳೆ ಕಿತ್ತಿದ್ದೂ ನನಗೋಸ್ಕರಾನಾ?"

ಪೆನ್ಸಿಲು ನಿಂತಿತು. ನಾನು ಕೀಲಿಯನ್ನು ಅವರ ವರದಿಯ ಮೇಲೆ ಇಟ್ಟೆ. ಮಗಳು ಕೆಳಗೆ ಹಳೆಯ ಬೀಗದಲ್ಲಿ ತೋರಿಸಿದ್ದನ್ನು ನಾನೂ ಮಾಡಿ ತೋರಿಸಿದೆ. ಬೀಗ ಕಟಕ್ ಎಂದಾಗ ಅವರ ರೆಪ್ಪೆ ಒಮ್ಮೆ ಬಡಿಯಿತು.

"ಬೀಗ ಹಾಕಿದ್ರು ಮೇಷ್ಟ್ರೇ. ಯಾರೋ ಕತ್ತರಿಸಿದಾರೆ."

"ಗೊತ್ತು."

ಅವರು ಅಲ್ಲ ಎಂದಿದ್ದರೆ ಕೂಗಾಡುವುದಕ್ಕೆ ಸಿದ್ಧಳಾಗಿ ಬಂದಿದ್ದೆ. ಗೊತ್ತು ಎಂದವರು ತಾವೇ ಮುಂದುವರಿದು ಕೇಳಿದರು.

"ಎರಡನೇ ಹಾಳೇಲಿ ಏನು ಬರೆದಿದ್ದೆ? ಬಾಯಲ್ಲಿ ಹೇಳು."

"ಕಂಪನಿಯ ಸಿಬ್ಬಂದಿಯೇ ಎರಡು ಬಾರಿ ತಮ್ಮ ಬೀಗ ಕತ್ತರಿಸಿದ್ದಾರೆಂದೂ, ಹೆಸರು ಹೇಳಲು ಇಷ್ಟವಿಲ್ಲವೆಂದೂ ಹೇಳಿದರು."

"ಕಂಪನಿಯ ಸಿಬ್ಬಂದಿ. ಅವರು ಆಡಿದ ಮಾತು ಅದೇನಾ? ಆ ಮನುಷ್ಯನ ಬಾಯಲ್ಲಿ ಸಿಬ್ಬಂದಿ ಅನ್ನೋ ಪದ ಬಂತಾ?"

"ಇಲ್ಲ. ನಮ್ಮೋರೇ ಅಂದ್ರು."

"ನಮ್ಮೋರೇ," ಮೇಷ್ಟ್ರು ನಿಧಾನವಾಗಿ ಹೇಳಿದರು. "ನಿನಗೂ ನನಗೂ ನಮ್ಮೋರು ಅಂದ್ರೆ ಕಂಪನಿ. ಬೆಳಗಿಂದ ಸಂಜೆವರೆಗೆ ಅದನ್ನೇ ಅಂದ್ಕೊಂಡು ಕೂತಿರ್ತೀವಿ. ಅವರಿಗೆ ನಮ್ಮೋರು ಅಂದ್ರೆ ಯಾರು ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಹೆಸರು ಬೇಡ ಎಂದು ಅಷ್ಟು ತಲೆ ತಗ್ಗಿಸಿದ್ದು ಏಕೆ, ದೂರು ಬೇಡ ಸುತ್ತೋಲೆ ಸಾಕು ಎಂದದ್ದು ಏಕೆ, ಒಂದೂ ಕೇಳಿರಲಿಲ್ಲ. ಕೆಳಗಿನ ಕೋಣೆಯ ಕಿಟಕಿಯ ಪಕ್ಕ ಬಿಳಿಚಿಕೊಂಡು ನಿಂತಿದ್ದವನ ಮುಖ ಕಣ್ಣ ಮುಂದೆ ಬಂತು. ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

"ಅಳಿಯ," ಎಂದೆ.

"ಮಾವ ಹೋದ ಮೂರನೇ ದಿನ ಬಂದು ಇದೇ ಕುರ್ಚೀಲಿ ಕೂತು ಅತ್ತ. ಆ ಕಟ್ಟಡದ ಎರಡೂ ಲಿಫ್ಟ್ ನಿಂತಿತ್ತಂತೆ. ಜನ ಕೂಗ್ತಿದ್ರಂತೆ. ಮೂವತ್ತೆಂಟು ನಿಮಿಷ ಆಗಿತ್ತು. ಗುಂಡಿಗೆ ಬಗ್ಗಿ ಎರಡು ಸಲ ಮಾವ ಅಂತ ಕೂಗಿದನಂತೆ, ಉತ್ತರ ಬರ್ಲಿಲ್ಲ. ಆ ಮನುಷ್ಯನ ಎಡಗಿವಿ ಕೇಳಿಸ್ತಿರ್ಲಿಲ್ಲ, ನಿನಗೆ ಗೊತ್ತು. ಊಟಕ್ಕೆ ಹೋದೋರು ಬೀಗ ತೆಗೆಯೋದು ಮರೆತಿದಾರೆ ಅಂದ್ಕೊಂಡ. ಕತ್ತರಿಸೋಕೆ ಮೂರು ಜನರ ಸಹಿ ಬೇಕು, ಅದಕ್ಕೆ ಅರ್ಧ ಗಂಟೆ. ಕತ್ತರಿಸಿಬಿಟ್ಟ. ಆಮೇಲೆ ಹೆದರಿ ತುಂಡಾದ ಬೀಗಾನ ಮುಚ್ಚಿಟ್ಟ."

ಮೇಷ್ಟ್ರು ಪೆನ್ಸಿಲನ್ನು ಮೇಜಿನ ಮೇಲೆ ಮಲಗಿಸಿದರು. ನಾನು ಅಳುತ್ತಿದ್ದೆ. ಕೊಲೆಗಾರನನ್ನು ಹಿಡಿಯುವ ಉತ್ಸಾಹದಲ್ಲಿ ಮಹಡಿ ಹತ್ತಿ ಬಂದವಳಿಗೆ ಸಿಕ್ಕಿದ್ದು, ಎರಡು ಸಲ ಮಾವ ಎಂದು ಕೂಗಿದ ಒಬ್ಬ ಹುಡುಗ.

"ಅವನು ಬಾಯಿ ತೆರೆಯೋ ಮುಂಚೆ ನಾನು ಎಚ್ಚರಿಕೆ ಕೊಟ್ಟಿದ್ದೆ," ಎಂದರು. "ಅವನು ಹೇಳಿದ್ದು ಕಂಪನಿಗೆ ಸೇರಿದ್ದು. ಈಗ ನಿನಗೆ ಹೇಳಿದೆ. ನೀನೂ ಕಂಪನಿ ವಕೀಲೆ. ಈ ಬಾಗಿಲಾಚೆ ಒಂದಕ್ಷರ ಹೋಗೋ ಹಾಗಿಲ್ಲ."

ಆಗ ಅರ್ಥವಾಯಿತು. ಸತ್ಯ ಹೇಳಿಯೇ ನನ್ನ ಬಾಯಿ ಕಟ್ಟಿದ್ದರು. ಹತ್ತು ನಿಮಿಷ ಮೊದಲಾಗಿದ್ದರೆ ನನ್ನ ಊಹೆ ನನ್ನದು, ಯಾರ ಹತ್ತಿರ ಬೇಕಾದರೂ ಆಡಬಹುದಿತ್ತು. ಈಗ ಅದು ಕಕ್ಷಿದಾರನ, ಅಂದರೆ ಕಂಪನಿಯ ಗುಟ್ಟು, ವಕೀಲೆ ಹೊರಗೆ ಆಡುವಂತಿಲ್ಲ.

"ಬೇಕೂಂತಲೇ ಹೇಳಿದ್ರಿ."

"ಹೌದು. ನಿನ್ನ ಹಟ ನನಗೆ ಗೊತ್ತಿಲ್ವಾ?" ಅವರ ದನಿ ಒಡೆಯಿತು. "ಆ ಹುಡುಗಿಗೆ ಅಪ್ಪ ಹೋದ. ಗಂಡನ್ನೂ ಕಿತ್ಕೊಳ್ಳೋಣ್ವಾ? ಹೋದವರ ಮೇಲೆ ಒಂದು ಮಾತು ಬಿದ್ರೆ ಅವರಿಗೆ ನೋವಾಗಲ್ಲ."

"ಅವಳಿಗೆ ಆಗತ್ತೆ. ನಲವತ್ತು ನಿಮಿಷದ ನಿಯಮ ಮಾಡಿದ ಕಂಪನಿ ಮಾತ್ರ ಮೈಕೈಗೆ ಎಣ್ಣೆ ಹಚ್ಕೊಂಡ ಹಾಗೆ ಜಾರಿಕೊಳ್ಳತ್ತೆ. ಅದನ್ನ ನೀವು ಹೇಳ್ಲೇ ಇಲ್ಲ."

ಮೇಷ್ಟ್ರು ವರದಿಯ ಮೇಲಿದ್ದ ಕೀಲಿಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕಡೆ ಚಾಚಿದರು. ಅವರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಕನಿಕರವೂ ಬಂತು.

ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಮೆಟ್ಟಿಲಿಳಿಯುತ್ತಾ ಏನು ಹೇಳಬೇಕೆಂದು ಯೋಚಿಸಿದೆ. ನೋಡ್ತೀನಮ್ಮ ಎನ್ನಬಹುದು. ಅವಳ ಅಪ್ಪನಿಗೂ ಅದನ್ನೇ ಹೇಳಿದ್ದೆ. ಬೇರೆ ವಕೀಲರನ್ನು ಹಿಡಿ ಎನ್ನಬಹುದು, ಅಷ್ಟಕ್ಕೆ ಯಾರ ತಡೆಯೂ ಇರಲಿಲ್ಲ. ಯಾವುದು ಹೇಳಿದರೂ ಅವಳು ಆ ಬಿಳಿಚಿದ ಮುಖದವನ ಕೈ ಹಿಡಿದುಕೊಂಡೇ ಮನೆಗೆ ಹೋಗುತ್ತಾಳೆ. ಅದನ್ನು ನೆನೆಯುತ್ತಲೇ ಬಾಗಿಲು ತೆರೆದೆ.

ಕೋಣೆಯಲ್ಲಿ ಅವಳು ಸುಮ್ಮನೆ ಕೂತಿರಲಿಲ್ಲ. ಮೇಜಿನ ಮೇಲೆ ಎರಡು ಪುಟದ ಅರ್ಜಿ ಸಿದ್ಧವಾಗಿತ್ತು.

"ಇನ್ಸ್‌ಪೆಕ್ಟರಿಗೆ ನಾನೇ ಕೊಡ್ತೀನಿ ಮೇಡಂ, ಐದರೊಳಗೆ. ಕೀಲಿ ವಿಷಯ ಎಲ್ಲ ಬರೆಸಿದೀನಿ. ನನ್ನ ಅಕ್ಷರ ನನಗೇ ಓದಕ್ಕಾಗಲ್ಲ, ಅದಕ್ಕೆ ನಾನು ಹೇಳ್ತಾ ಹೋದೆ, ಇವರು ಬರೆದ್ರು. ತಪ್ಪಿದ್ರೆ ತಿದ್ದಿ ಕೊಡಿ, ಅಷ್ಟೇ."

ಓದಿದೆ. ಮೊದಲ ಪುಟದ ಅಕ್ಷರ ಗುಂಡಗೆ, ಸ್ಪಷ್ಟವಾಗಿತ್ತು. ಎರಡನೆಯದರಲ್ಲಿ ಸಾಲುಗಳು ಇಳಿಜಾರಾಗಿದ್ದವು. ಕೊನೆಯಲ್ಲಿ "ನನ್ನ ತಂದೆಯ ಬೀಗ ಕತ್ತರಿಸಿದವರನ್ನು ಪತ್ತೆಹಚ್ಚಿ" ಎಂಬಲ್ಲಿ ಮಸಿ ಎರಡು ಕಡೆ ಕಲೆಸಿಹೋಗಿತ್ತು. ಅದರ ಕೆಳಗೆ, "ಬೀಗ ಕತ್ತರಿಸಿದವರ ಹೆಸರು" ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದ.

"ಇದೇನು ಖಾಲಿ?" ಎಂದೆ.

"ನಾನು ಹೇಳಿದ್ದಲ್ಲ ಅದು," ಎಂದಳು ಅವಳು. "ಯಾರು ಅಂತ ನನಗೆಲ್ಲಿ ಗೊತ್ತು? ಇವರೇ ಬರೆದಿಟ್ರು."

ಗಂಡ ಕಿಟಕಿ ಬಿಟ್ಟು ಬಂದ. ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ನನ್ನ ಮುಂದೆ ಹಿಡಿದ. ನಾನು ಎಲ್ಲಿಂದ ಇಳಿದು ಬಂದೆ, ಏನು ಕೇಳಿ ಬಂದೆ ಎಂದು ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಗಿತ್ತು.

"ನೀವೇ ಬರೆದುಬಿಡಿ ಮೇಡಂ," ಎಂದ. "ಆಗಿಂದ ನೋಡ್ತಿದೀನಿ, ನನ್ನ ಕೈಲಿ ಆಗ್ತಿಲ್ಲ."

ಪೆನ್ನು ಅವನ ಬೆರಳುಗಳ ನಡುವೆ ಟಕಟಕನೆ ಮೇಜಿನ ಅಂಚಿಗೆ ತಾಗುತ್ತಿತ್ತು. ಅವಳು ಪೆನ್ನನ್ನು ನೋಡಿದಳು, ಖಾಲಿ ಜಾಗವನ್ನು ನೋಡಿದಳು. ಗಂಡನನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದಳು.

"ಮೇಡಂ, ಇವರ ಕೈ ಯಾಕೆ ಹೀಗೆ ನಡುಗ್ತಿದೆ?"